ಪರದೆ ಇಳಿದರೂ ಇಳಿಯದ ಭಯ

ಹಾರರ್ ಸಿನಿಮಾ ನೋಡಿ ತಿಂಗಳು, ವರ್ಷಗಳಾದರೂ ಬಿಡದ ಹೆದರಿಕೆಯ ಬಗ್ಗೆ ಓದುಗರು ಬರೆದ ಪತ್ರಗಳಿಗೆ ಮನೋವೈದ್ಯರ ಉತ್ತರ.

ಪ್ರಶ್ನೆ: ಡಾಕ್ಟ್ರೇ, ನನಗೀಗ ಮೂವತ್ತೇಳು. ಬ್ಯಾಂಕಿನಲ್ಲಿ ಕೆಲಸ, ಇಬ್ಬರು ಮಕ್ಕಳು. ಪಿಯುಸಿ ಓದುವಾಗ ಹಾಸ್ಟೆಲಿನಲ್ಲಿ ಸೀನಿಯರ್‌ಗಳು ಬಾಡಿಗೆಗೆ ಸಿ.ಡಿ. ತಂದು ಜಪಾನಿನ ‘ರಿಂಗ್’ ಹಾಕಿದ್ದರು. ಬಾವಿಯಿಂದ ಎದ್ದವಳು ಟಿ.ವಿ.ಯೊಳಗಿಂದಲೇ ಕೋಣೆಗೆ ತೆವಳಿ ಬರುತ್ತಾಳಲ್ಲ, ಆ ದೃಶ್ಯ ನೋಡಿದ ಮೇಲೆ ಇವತ್ತಿನವರೆಗೂ ಟಿ.ವಿ. ಇರುವ ಕೋಣೆಯಲ್ಲಿ ಒಬ್ಬಳೇ ಮಲಗಲಾರೆ. ಯಜಮಾನರು ಊರಿಗೆ ಹೋದ ದಿನ ಟಿ.ವಿ.ಗೆ ಬೆಡ್‌ಶೀಟ್ ಹೊದಿಸುತ್ತೇನೆ. ಮಗಳು ‘ಯಾಕಮ್ಮಾ’ ಅಂದರೆ ‘ಧೂಳು ಕಣೇ’ ಅನ್ನುತ್ತೇನೆ. ಅದು ಬರೀ ಸಿನಿಮಾ ಎಂದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಯಾಕೆ ಹೀಗೆ?
— ಓದುಗರು, ಹಾಸನ

ಉತ್ತರ: ನಿಮ್ಮ ಕೊನೆಯ ಸಾಲಿನಂಥ ಸಾಲು ನನಗೆ ಬಂದ ಹೆಚ್ಚಿನ ಪತ್ರಗಳಲ್ಲಿ ಇದೆ. ಅದನ್ನೇ ಮೊದಲು ಬಿಡಿಸೋಣ.

ಮಿದುಳಿನ ಒಳಭಾಗದಲ್ಲಿ ಅಮಿಗ್ಡಾಲ ಎಂಬ ಬಾದಾಮಿ ಗಾತ್ರದ ಭಾಗವೊಂದಿದೆ. ಅಪಾಯದ ಸುಳಿವು ಸಿಕ್ಕೊಡನೆ ಮೈಯನ್ನು ಎಚ್ಚರಿಸುವುದು ಅದರ ಕೆಲಸ. ಕಂಡದ್ದು, ಕೇಳಿದ್ದು ಏನೆಂದು ಯೋಚಿಸಿ ತೀರ್ಮಾನಿಸುವ ಭಾಗಕ್ಕೆ ಸುದ್ದಿ ಮುಟ್ಟುವುದಕ್ಕೂ ಮೊದಲೇ ಅಮಿಗ್ಡಾಲಕ್ಕೆ ತಲುಪುವ ಅಡ್ಡದಾರಿಯೊಂದಿದೆ ಎಂದು ಅಮೆರಿಕದ ನರವಿಜ್ಞಾನಿ ಜೋಸೆಫ್ ಲೆಡೂ ಇಲಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. ‘ಇದು ಸಿನಿಮಾ’ ಎಂದು ನೀವು ಅಂದುಕೊಳ್ಳುವಷ್ಟರಲ್ಲಿ ಎದೆ ಝಲ್ಲೆಂದಿರುತ್ತದೆ, ಅಂಗೈ ಬೆವತಿರುತ್ತದೆ. ಈ ಭಾಗ ಒಂದೇ ಪಾಠಕ್ಕೆ ಕಲಿಯುತ್ತದೆ, ಕಲಿತದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ಹಾವು ಕಂಡ ಜಾಗದಲ್ಲಿ ಮತ್ತೆ ಎಚ್ಚರವಿಲ್ಲದೆ ಕಾಲಿಡಬಾರದಲ್ಲ, ಅದಕ್ಕಾಗಿ ಇರುವ ಏರ್ಪಾಡು ಅದು. ಹಾಸ್ಟೆಲಿನ ಆ ರಾತ್ರಿ ಕತ್ತಲೆ, ಪರದೆ, ಮುಖದ ಮೇಲೆ ಇಳಿದ ಕೂದಲು ಎಲ್ಲವನ್ನೂ ಒಟ್ಟಿಗೆ ಕಟ್ಟಿ ಇಟ್ಟುಕೊಂಡಿದೆ. ಓದು, ಬುದ್ಧಿ, ಬ್ಯಾಂಕಿನ ಹುದ್ದೆ ಯಾವುದೂ ಆ ಗಂಟನ್ನು ಬಿಚ್ಚಲಾರವು.

ಇದು ನಿಮ್ಮೊಬ್ಬರ ಪಾಡೂ ಅಲ್ಲ. ಕ್ರಿಸ್ಟನ್ ಹ್ಯಾರಿಸನ್ ಮತ್ತು ಜೋಆನ್ ಕ್ಯಾಂಟರ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಎರಡು ವಿಶ್ವವಿದ್ಯಾಲಯಗಳ 150ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕೇಳಿದ್ದರು. ಚಿಕ್ಕಂದಿನಲ್ಲೋ ಹದಿಹರೆಯದಲ್ಲೋ ಸಿನಿಮಾ, ಟಿ.ವಿ. ನೋಡಿ, ಅದು ಮುಗಿದ ಮೇಲೂ ಭಯ ಉಳಿಯುವಷ್ಟು ಹೆದರಿದ್ದೆವು ಎಂದವರು ಶೇ 90ರಷ್ಟು. ಸುಮಾರು ಕಾಲು ಭಾಗದವರಿಗೆ ಅದರ ಅಳುಕು ಆಗಲೂ ಹೋಗಿರಲಿಲ್ಲ.

ಇನ್ನು ಬೆಡ್‌ಶೀಟಿನ ವಿಷಯ. ಹೊದಿಸಿದ ರಾತ್ರಿ ಏನೂ ಆಗುವುದಿಲ್ಲ. ಅಮಿಗ್ಡಾಲ ಅದರ ಪುಣ್ಯವನ್ನೆಲ್ಲ ಬೆಡ್‌ಶೀಟಿಗೇ ಕೊಡುತ್ತದೆ. ಆರಿಸಿಟ್ಟ ಟಿ.ವಿ.ಯಿಂದ ಏನೂ ಬರುವುದಿಲ್ಲ ಎಂದು ಕಲಿಯುವ ಅವಕಾಶ ಇಷ್ಟು ವರ್ಷಗಳಲ್ಲಿ ಅದಕ್ಕೆ ಒಮ್ಮೆಯೂ ಸಿಕ್ಕಿಲ್ಲ. ಆ ಅವಕಾಶವನ್ನು ಈಗ ನೀವೇ ಕೊಡಬೇಕು, ಸ್ವಲ್ಪ ಸ್ವಲ್ಪವಾಗಿ.

ಈ ದಾರಿ ಹಳೆಯದು. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ ಮೊಲಕ್ಕೆ ಹೆದರುತ್ತಿದ್ದ ಪುಟ್ಟ ಹುಡುಗನೊಬ್ಬನ ವೃತ್ತಾಂತ ಬರೆದರು. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದ ಮೊಲವನ್ನು ಅವನು ಅಳದಷ್ಟು ದೂರದಲ್ಲಿ ಇಟ್ಟು, ದಿನ ಕಳೆದಂತೆ ಹತ್ತಿರ ತರುತ್ತಾ ಹೋದರು. ಕೊನೆಗೆ ಅವನು ಮೊಲಕ್ಕೆ ತನ್ನ ಬೆರಳು ಕಚ್ಚಿಸಿಕೊಳ್ಳುತ್ತಾ ಆಡುವಂತಾದ. ನೀವೂ ಹಾಗೆಯೇ ಮಾಡಿ. ಮನೆಯಲ್ಲಿ ಎಲ್ಲರೂ ಇರುವಾಗ, ಹಾಡುಹಗಲಲ್ಲಿ, ಆರಿಸಿದ ಟಿ.ವಿ. ಮುಂದೆ ಕಾಫಿ ಹಿಡಿದು ಕೂರಿ. ಎದೆಬಡಿತ ತಾನಾಗಿ ಇಳಿಯುವವರೆಗೂ ಏಳಬೇಡಿ. ಕೆಲವು ದಿನ ಇದು ಸಲೀಸಾದ ಮೇಲೆ ಕಿಟಕಿಯ ಪರದೆ ಎಳೆದು ಕೂರಿ, ಆಮೇಲೆ ದೀಪ ಹಚ್ಚುವ ಹೊತ್ತಿಗೆ, ಆಮೇಲೆ ಒಬ್ಬರೇ. ಬೆಡ್‌ಶೀಟನ್ನು ಮೊದಲು ಅರ್ಧ ಸರಿಸಿ, ಇನ್ನೊಂದು ದಿನ ಪೂರ್ತಿ ತೆಗೆಯಿರಿ. ‘ಇಡೀ ಪಿಕ್ಚರ್ ಇನ್ನೊಂದು ಸಲ ನೋಡಿಬಿಡು, ಭಯ ಬಿಟ್ಟುಹೋಗುತ್ತೆ’ ಎನ್ನುವವರ ಮಾತು ಕೇಳಬೇಡಿ. ಅರ್ಧಕ್ಕೇ ಎದ್ದು ಓಡಿದರೆ ಭಯ ದುಪ್ಪಟ್ಟಾಗುತ್ತದೆ.

ಆ ದೃಶ್ಯವನ್ನು ಹೇಗೆ ತೆಗೆದರು ಎಂದೂ ತಿಳಿದುಕೊಳ್ಳಿ. 1998ರ ಆ ಚಿತ್ರದಲ್ಲಿ ಬಾವಿಯಿಂದ ಎದ್ದುಬರುವ ಸಡಾಕೊ ಪಾತ್ರ ಮಾಡಿದ ರಿಯೆ ಇನೊ ಹಿಂದು ಹಿಂದಕ್ಕೆ ನಡೆದರು. ನಿರ್ದೇಶಕ ಹಿಡಿಯೊ ನಕಾಟಾ ಅದನ್ನು ತಿರುಗಾಮುರುಗಾ ಓಡಿಸಿದರು. ಅದಕ್ಕೇ ಆ ನಡಿಗೆ ಮನುಷ್ಯರದು ಅನ್ನಿಸುವುದಿಲ್ಲ. ಇದನ್ನು ತಿಳಿದ ಮಾತ್ರಕ್ಕೆ ಭಯ ಹೋಗದು, ಆದರೆ ಟಿ.ವಿ. ಮುಂದೆ ಕೂತ ಆ ಹೊತ್ತಿಗೆ ಮನಸ್ಸಿಗೆ ಹಿಡಿದುಕೊಳ್ಳಲು ಏನಾದರೊಂದು ಬೇಕಲ್ಲ.

ಹೊಸ ಪಾಠ ಹಳೆಯದನ್ನು ಅಳಿಸುವುದಿಲ್ಲ, ಅದರ ಮೇಲೆ ಕೂರುತ್ತದೆ. ಆದ್ದರಿಂದ ಮನೆಯಲ್ಲಿ ಸಲೀಸಾದ ಎಷ್ಟೋ ದಿನದ ಮೇಲೆ ಪರ ಊರಿನ ಲಾಡ್ಜಿನಲ್ಲಿ ಒಂದು ರಾತ್ರಿ ಭಯ ಮರುಕಳಿಸಬಹುದು. ಅಲ್ಲಿ ಮತ್ತೆ ಟಿ.ವಿ. ಎದುರು ಕೂರಿ, ಈ ಸಲ ಬೇಗ ಇಳಿಯುತ್ತದೆ. ಮಗಳಿಗೂ ನಿಜ ಹೇಳಿಬಿಡಿ. ಅಮ್ಮನಿಗೂ ಭಯವಾಗುತ್ತದೆ, ಅಮ್ಮ ಅದನ್ನು ಹೀಗೆ ಬಗೆಹರಿಸಿಕೊಳ್ಳುತ್ತಿದ್ದಾಳೆ ಎಂದು ಅವಳು ಕಣ್ಣಾರೆ ನೋಡಲಿ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಆರು ವರ್ಷ. ಮದುವೆ ಮನೆಯಲ್ಲಿ ದೊಡ್ಡ ಹುಡುಗರು ಮೊಬೈಲಿನಲ್ಲಿ ದೆವ್ವದ ಸಿನಿಮಾ ತೋರಿಸಿ, ‘ಇದು ನಿಜವಾಗಿ ನಡೆದದ್ದು’ ಎಂದೂ ಹೇಳಿದ್ದಾರೆ. ಮೂರು ವಾರದಿಂದ ಬಚ್ಚಲಿಗೆ ಒಬ್ಬನೇ ಹೋಗುವುದಿಲ್ಲ, ನಿದ್ದೆಯಲ್ಲಿ ಬೆಚ್ಚಿ ಏಳುತ್ತಾನೆ. ‘ಅದೆಲ್ಲ ಸುಳ್ಳು, ಮೇಕಪ್ಪು’ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ. ಅತ್ತೆಯವರು ದೃಷ್ಟಿ ತೆಗೆಯಬೇಕು ಅನ್ನುತ್ತಾರೆ.
— ತಾಯಿ, ಮಂಡ್ಯ

ಉತ್ತರ: ಆರು ವರ್ಷದ ಮಗುವಿಗೆ ‘ಸುಳ್ಳು’ ಎಂಬ ವಿವರಣೆ ಹತ್ತುವುದಿಲ್ಲವಮ್ಮ. ಆ ವಯಸ್ಸಿನಲ್ಲಿ ಕಣ್ಣಿಗೆ ಕಂಡದ್ದೇ ನಿಜ. ಮೇಲೆ ಹೇಳಿದ ಜೋಆನ್ ಕ್ಯಾಂಟರ್ ತಮ್ಮ ಸಹೋದ್ಯೋಗಿಯ ಜೊತೆ ಮಕ್ಕಳಿಗೆ ‘ಹಲ್ಕ್’ ಟಿ.ವಿ. ಧಾರಾವಾಹಿಯ ಒಂದು ಕಂತು ತೋರಿಸಿದ್ದರು. ಒಳ್ಳೆಯ ಮನುಷ್ಯನೊಬ್ಬ ಹಸಿರು ದೈತ್ಯನಾಗಿ ಬದಲಾಗಿ ಜನರನ್ನು ಕಾಪಾಡುವ ಕಥೆ. ದೊಡ್ಡ ಮಕ್ಕಳು ಅವನು ಒಳ್ಳೆಯವನೆಂದು ನೆಮ್ಮದಿಯಾಗಿ ನೋಡಿದರು. ಶಾಲೆಗೆ ಸೇರದ ಪುಟಾಣಿಗಳು ಮಾತ್ರ ಆ ರೂಪ ಬಂದ ಕ್ಷಣದಿಂದಲೇ ಹೆದರಿದರು. ಅವರಿಗೆ ರೂಪವೇ ಎಲ್ಲ.

ಆದ್ದರಿಂದ ಮಾತು ಕಡಿಮೆ ಮಾಡಿ, ಮೈಗೆ ಹತ್ತಿರವಿರಿ. ರಾತ್ರಿ ಪಕ್ಕದಲ್ಲಿ ಮಲಗಿಸಿಕೊಳ್ಳಿ, ಸಣ್ಣ ದೀಪ ಉರಿಯಲಿ. ಬಚ್ಚಲಿಗೆ ಕೈ ಹಿಡಿದು ಕರೆದೊಯ್ಯಿರಿ, ನಾಲ್ಕು ದಿನದ ನಂತರ ಬಾಗಿಲಲ್ಲಿ ನಿಂತು ಹಾಡು ಹೇಳಿ, ಆಮೇಲೆ ಅಡುಗೆಮನೆಯಿಂದ ಕೂಗಿ ಮಾತಾಡಿಸಿ. ಆ ಮುಖವನ್ನು ಅವನ ಕೈಯಲ್ಲೇ ಬರೆಯಿಸಿ, ಅದಕ್ಕೆ ಮೀಸೆಯೋ ಜುಟ್ಟೋ ಅವನೇ ಹಚ್ಚಲಿ. ‘ಗಂಡುಮಗ ಹೆದರಬಾರದು’ ಎಂಬ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬರಕೂಡದು.

ಅತ್ತೆಯವರು ದೃಷ್ಟಿ ತೆಗೆಯುವುದಾದರೆ ತೆಗೆಯಲಿ. ಅಜ್ಜಿ ಎದುರು ಕೂರಿಸಿಕೊಂಡು ಅಕ್ಕರೆಯಿಂದ ನಿವಾಳಿಸುವುದು ಮಗುವಿಗೆ ಧೈರ್ಯವೇ. ಒಂದೇ ಕೋರಿಕೆ, ‘ದೆವ್ವ ಬಿಟ್ಟುಹೋಯ್ತು’ ಎನ್ನಬಾರದು. ಹಾಗೆಂದರೆ ಇಷ್ಟು ದಿನ ಅದು ಮನೆಯಲ್ಲಿತ್ತು ಎಂದು ನಾವೇ ಒಪ್ಪಿದಂತಾಗುತ್ತದೆ.

‘ನಿಜವಾಗಿ ನಡೆದದ್ದು’ ಎಂದ ಆ ಹುಡುಗರನ್ನು ಕರೆದು ಒಂದು ಮಾತು ಹೇಳಿ. ಆ ಒಂದು ಸಾಲು ಮಾಡುವ ಹಾನಿ ಸಣ್ಣದಲ್ಲ. 1992ರ ಅಕ್ಟೋಬರ್ 31ರಂದು ಬಿಬಿಸಿ ‘ಘೋಸ್ಟ್‌ವಾಚ್’ ಎಂಬ ನಾಟಕವನ್ನು, ಜನರಿಗೆ ಪರಿಚಿತರಾದ ನಿರೂಪಕರನ್ನೇ ಇಟ್ಟು, ನೇರ ಪ್ರಸಾರದ ಧಾಟಿಯಲ್ಲಿ ತೋರಿಸಿತು. ಅದನ್ನು ನೋಡಿ ತಿಂಗಳುಗಟ್ಟಲೆ ನರಳಿದ ಹತ್ತು ವರ್ಷದ ಇಬ್ಬರು ಹುಡುಗರ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವೈದ್ಯರು 1994ರಲ್ಲಿ ವರದಿ ಬರೆಯಬೇಕಾಯಿತು. ನಿಮ್ಮ ಮಗನಲ್ಲಿ ಇನ್ನೆರಡು ವಾರದಲ್ಲಿ ಇಳಿಮುಖ ಕಾಣದಿದ್ದರೆ, ಶಾಲೆಗೂ ಹೋಗೆನೆಂದರೆ, ಮಕ್ಕಳ ಮನೋವೈದ್ಯರಿಗೆ ತೋರಿಸಿ.

ಪ್ರಶ್ನೆ: ಇಂಜಿನಿಯರಿಂಗ್ ವಿದ್ಯಾರ್ಥಿ. ‘ಕಾಂಜುರಿಂಗ್’ ನೋಡಿದ ಮೇಲೆ ದಿನಾ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ. ಎರಡು ಸಲ ಕಣ್ಣು ಬಿಟ್ಟಿದ್ದರೂ ಕೈಕಾಲು ಆಡಲಿಲ್ಲ, ಎದೆ ಮೇಲೆ ಯಾರೋ ಕೂತಂತಾಯಿತು. ರೂಮ್‌ಮೇಟ್ ‘ನಿಂಗೇನೋ ಮೆಟ್ಕೊಂಡಿದೆ’ ಅಂತಾನೆ.
— ಮಂಗಳೂರು

ಉತ್ತರ: ಏನೂ ಮೆಟ್ಟಿಕೊಂಡಿಲ್ಲ. ಇದಕ್ಕೆ ನಿದ್ರಾ ಪಾರ್ಶ್ವವಾಯು ಎನ್ನುತ್ತೇವೆ. ಕನಸು ಬೀಳುವ ಹಂತದ ನಿದ್ದೆಯಲ್ಲಿ ನಾವು ಎದ್ದು ಓಡದಂತೆ ಮಿದುಳು ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ. ಕೆಲವೊಮ್ಮೆ ಎಚ್ಚರ ಮೊದಲು ಬಂದು, ಸ್ನಾಯುಗಳಿಗೆ ಅಪ್ಪಣೆ ಆಮೇಲೆ ಬರುತ್ತದೆ. ನಡುವಿನ ಆ ಹೊತ್ತಿನಲ್ಲಿ ಕನಸಿನ ತುಣುಕು ಕೋಣೆಯಲ್ಲೇ ಕಾಣುತ್ತದೆ, ಎದೆ ಬಿಗಿಯುತ್ತದೆ. ಕೆಲವು ಸೆಕೆಂಡು, ಕೆಲವೊಮ್ಮೆ ಕೆಲವು ನಿಮಿಷ. ಅಪಾಯವಿಲ್ಲ.

ಮೂರು ಗಂಟೆಯ ಗುಟ್ಟೂ ಇಷ್ಟೇ. ಕನಸಿನ ನಿದ್ದೆ ರಾತ್ರಿಯ ಎರಡನೆಯ ಅರ್ಧದಲ್ಲಿ ಹೆಚ್ಚು. ಆಗ ನಾವೆಲ್ಲರೂ ಹಲವು ಸಲ ಎಚ್ಚರಾಗಿ ಮರೆತು ಮಗ್ಗುಲಾಗುತ್ತೇವೆ. ಆ ಚಿತ್ರದಲ್ಲಿ ಗಡಿಯಾರಗಳು 3.07ಕ್ಕೆ ನಿಲ್ಲುತ್ತವೆ, ಅದನ್ನು ಕಂಡ ಮೇಲೆ ನೀವು ಮರೆಯದೆ ಮೊಬೈಲ್ ಎತ್ತಿ ಗಂಟೆ ನೋಡುತ್ತಿದ್ದೀರಿ. ಮೊಬೈಲನ್ನು ಕೈಗೆಟುಕದ ಕಡೆ ಇಡಿ. ಅಂಗಾತ ಮಲಗುವುದು, ನಿದ್ದೆಗೆಡುವುದು ಎರಡೂ ಇದನ್ನು ಹೆಚ್ಚಿಸುತ್ತವೆ. ಮಗ್ಗುಲಾಗಿ, ಹೊತ್ತಿಗೆ ಸರಿಯಾಗಿ ಮಲಗಿ. ಮತ್ತೆ ಹಾಗಾದರೆ ಕೊಸರಾಡದೆ ಕಾಲ್ಬೆರಳೊಂದನ್ನು ಅಲುಗಿಸಲು ನೋಡಿ.

ಪ್ರಶ್ನೆ: 1979ರಲ್ಲಿ ‘ನಾ ನಿನ್ನ ಬಿಡಲಾರೆ’ ನೋಡಿ ತೋಟದ ದಾರಿಯಲ್ಲಿ ಒಬ್ಬನೇ ಮನೆಗೆ ಬಂದಿದ್ದೆ. ಅನಂತ್ ನಾಗ್ ಮೈಮೇಲೆ ದೆವ್ವ ಬಂದ ಆ ಮುಖ ಈ ಇಳಿವಯಸ್ಸಿನಲ್ಲೂ ಕಣ್ಣಿಗೆ ಕಟ್ಟಿದಂತಿದೆ. ಈಗಿನ ಚಿತ್ರಗಳಲ್ಲಿ ಎಷ್ಟು ರಕ್ತ ಹರಿದರೂ ಮರುದಿನ ನೆನಪಿರುವುದಿಲ್ಲ. ಯಾಕಿರಬಹುದು?
— ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಮೇಷ್ಟ್ರೇ, ಸ್ವಲ್ಪ ಮಟ್ಟಿಗೆ ಅದು ಆ ತೋಟದ ದಾರಿಯ ಮಹಿಮೆ. ಆದರೆ ನಿಮ್ಮ ಗಮನಿಕೆ ಸರಿ ಎಂದೇ ನನ್ನ ನಂಬಿಕೆ. ಉಳಿಯುವ ಭಯ ದಿನ ಬಳಸುವ ವಸ್ತುವಿಗೆ, ಪರಿಚಿತ ಮುಖಕ್ಕೆ ಅಂಟಿಕೊಂಡದ್ದು. ರಾಕ್ಷಸನ ಕೋರೆಹಲ್ಲು ನಮ್ಮ ಮನೆಯಲ್ಲಿಲ್ಲ. ಬಾವಿ, ಕನ್ನಡಿ, ಬಚ್ಚಲು ಇವೆ. ಮೆಚ್ಚಿನ ನಟನ ಸೌಮ್ಯ ಮುಖ ಬೇರೆಯಾಗಿ ನೋಡಿದರೆ ಮನೆಯವರ ಮುಖವೂ ಹಾಗಾದೀತೆ ಎಂದು ಮನಸ್ಸು ಅಳುಕುತ್ತದೆ.

ಹಿಚ್‌ಕಾಕ್ 1960ರ ‘ಸೈಕೋ’ದಲ್ಲಿ ಆರಿಸಿಕೊಂಡದ್ದು ಶವರನ್ನು. ಅದರ ಕೆಳಗೆ ನಡೆಯುವ ಮುಕ್ಕಾಲು ನಿಮಿಷದ ಕೊಲೆಯ ದೃಶ್ಯಕ್ಕೆ ಚಿತ್ರೀಕರಣ ಒಂದು ವಾರ ನಡೆಯಿತು. ಚೂರಿ ಮೈಗೆ ಇಳಿಯುವುದನ್ನು ನೋಡಿದೆವು ಎಂದು ಎಷ್ಟೋ ಜನ ಆಣೆ ಮಾಡುತ್ತಾರೆ. ಕಣ್ಣಿಗೆ ಬೀಳುವುದು ತುಂಡು ತುಂಡು ಚಿತ್ರಿಕೆಗಳು, ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್‌ರ ಪಿಟೀಲುಗಳ ಕಿರುಚು. ರಕ್ತವೆಂದು ಹರಿದದ್ದು ಚಾಕೊಲೇಟ್ ಸಿರಪ್, ಇರಿತದ ಸದ್ದು ಕರಬೂಜದಂಥ ಹಣ್ಣಿಗೆ ಚೂರಿ ಹಾಕಿದ್ದು. ಇದೆಲ್ಲ ಕೊಲೆಯಾಗುವವಳ ಪಾತ್ರ ಮಾಡಿದ ಜಾನೆಟ್ ಲೀಗೆ ಗೊತ್ತಿರಲಿಲ್ಲವೆ? ಆದರೂ ಚಿತ್ರ ನೋಡಿದ ಮೇಲೆ ಶವರ್ ಕೆಳಗೆ ನಿಲ್ಲುವುದು ತನ್ನಿಂದಾಗಲಿಲ್ಲ ಎಂದು ಆಕೆ ಹೇಳಿಕೊಂಡಿದ್ದಾರೆ. ಹಾಸನದ ಓದುಗರೂ ಇದನ್ನು ಗಮನಿಸಲಿ.

1975ರ ‘ಜಾಸ್’ನಲ್ಲಿ ಯಾಂತ್ರಿಕ ಶಾರ್ಕ್ ಸಮುದ್ರದ ಉಪ್ಪುನೀರಿನಲ್ಲಿ ಪದೇ ಪದೇ ಕೆಟ್ಟು ನಿಂತಿತು. ಸ್ಪೀಲ್‌ಬರ್ಗ್ ಬಹಳ ಹೊತ್ತು ಶಾರ್ಕನ್ನು ತೋರಿಸದೆ ನೀರು ಮತ್ತು ಸಂಗೀತವನ್ನೇ ನೆಚ್ಚಿದರು. ಕಾಣದ್ದನ್ನು ನೋಡುವವನೇ ತನ್ನೊಳಗಿನ ಭಯದಿಂದ ತುಂಬಿಕೊಳ್ಳುತ್ತಾನೆ. ತಾನೇ ತುಂಬಿಕೊಂಡದ್ದು ಬೇಗ ಮಾಸುವುದಿಲ್ಲ. ಎಲ್ಲವನ್ನೂ ತೋರಿಸುವ ಚಿತ್ರ ನೋಡುಗನಿಗೆ ಆ ಕೆಲಸವನ್ನೇ ಉಳಿಸುವುದಿಲ್ಲ.

ಪ್ರಶ್ನೆ: ನನ್ನ ತಾಯಿ ಹೋದ ವರ್ಷ ತೀರಿಕೊಂಡರು. ಹಾಸಿಗೆ ಹಿಡಿದಿದ್ದರು, ಕೊನೆಗೆ ನಮ್ಮ ಗುರುತೂ ಹತ್ತುತ್ತಿರಲಿಲ್ಲ. ಈಚೆಗೆ ಗೆಳೆಯರ ಜೊತೆ ಒಂದು ಚಿತ್ರಕ್ಕೆ ಹೋಗಿದ್ದೆ. ಅದರಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳ ಮೈಮೇಲೆ ಭೂತ ಬರುತ್ತದೆ. ಅಂದಿನಿಂದ ಅಮ್ಮನನ್ನು ನೆನೆದರೆ ಆ ಮುಖವೇ ಬರುತ್ತದೆ. ಅಮ್ಮನ ಮುಖ ಕಳೆದುಹೋಗಿದೆ. ಊಟ ಸೇರುತ್ತಿಲ್ಲ. ನಲವತ್ತೊಂದು ವರ್ಷದ ಗಂಡಸು ಸಿನಿಮಾಕ್ಕೆ ಹೆದರಿದೆ ಎಂದು ಯಾರಲ್ಲಿ ಹೇಳಲಿ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ನನಗೆ ಹೇಳಿದಿರಲ್ಲ, ಒಳ್ಳೆಯದಾಯಿತು. ಇಲ್ಲಿ ಸಿನಿಮಾ ಚಿಕ್ಕ ಪಾಲುದಾರ, ದುಃಖ ದೊಡ್ಡದು.

1973ರಲ್ಲಿ ‘ದಿ ಎಕ್ಸಾರ್ಸಿಸ್ಟ್’ ಬಿಡುಗಡೆಯಾದಾಗ ಅಮೆರಿಕದಲ್ಲಿ ಚಿತ್ರಮಂದಿರದಿಂದ ಎದ್ದು ಹೋದವರು, ಮೂರ್ಛೆ ಬಿದ್ದವರು ಇದ್ದರು. ಎರಡು ವರ್ಷದ ಮೇಲೆ ಜೇಮ್ಸ್ ಬೊಜೂಟೊ ಎಂಬ ಮನೋವೈದ್ಯರು, ಆ ಚಿತ್ರ ನೋಡಿ ಚಿಕಿತ್ಸೆಗೆ ಬರುವಷ್ಟು ಕಂಗೆಟ್ಟ ನಾಲ್ವರ ವಿಷಯ ಬರೆದರು. ಒಳಗೆ ಮೊದಲೇ ಇದ್ದ ತೊಳಲಾಟವನ್ನು ಚಿತ್ರ ಕೆದಕಿ ಹೆಚ್ಚಿಸಬಲ್ಲದು ಎಂಬುದು ಅವರ ಅಭಿಪ್ರಾಯ. ನಿಮ್ಮ ಪತ್ರದಲ್ಲೂ ನನಗೆ ಕಾಣುವುದು ಅದೇ. ಗುರುತು ಹಿಡಿಯದ ಅಮ್ಮನ ನೋಟ ಆ ದಿನಗಳಲ್ಲೇ ನಿಮ್ಮನ್ನು ಹೆದರಿಸಿತ್ತು. ಹೆತ್ತ ತಾಯಿಯನ್ನು ಕಂಡು ಹೆದರಿದೆನಲ್ಲ ಎಂಬ ಪಾಪಭಾವಕ್ಕೆ ಅದನ್ನು ಬಾಯಿಬಿಟ್ಟು ಹೇಳಿರಲಾರಿರಿ. ಕಾಯಿಲೆಯ ತಾಯಂದಿರನ್ನು ನೋಡಿಕೊಂಡ ಎಷ್ಟೋ ಮಕ್ಕಳು ಇದೇ ಮಾತನ್ನು ನನ್ನೆದುರು ತಲೆ ತಗ್ಗಿಸಿ ಹೇಳಿದ್ದಾರೆ. ಅದು ಪಾಪವಲ್ಲ. ಪ್ರೀತಿಸಿದವರು ಕಣ್ಣೆದುರೇ ಬದಲಾಗುವುದನ್ನು ನೋಡಿದ ಯಾರಿಗೂ ಆಗುವಂಥದ್ದು.

ಅಮ್ಮನ ಮುಖ ಕಳೆದಿಲ್ಲ. ಹಳೆಯ ಆಲ್ಬಂ ತೆಗೆಯಿರಿ, ಕಾಯಿಲೆಗೂ ಬಹಳ ಹಿಂದಿನ ಫೋಟೊಗಳಿಂದ ಶುರು ಮಾಡಿ. ಅಕ್ಕತಂಗಿಯರಿದ್ದರೆ ಜೊತೆಗೆ ಕೂರಲಿ. ಅಮ್ಮ ರೊಟ್ಟಿ ಬಡಿಯುವಾಗ ಏನು ಮಾತಾಡುತ್ತಿದ್ದರು, ಯಾರನ್ನು ಹೇಗೆ ಬೈಯುತ್ತಿದ್ದರು, ಎಲ್ಲ ಜೋರಾಗಿ ಹೇಳಿಕೊಳ್ಳಿ. ಅಳು ಬಂದರೆ ತಡೆಯಬೇಡಿ. ಆ ಇನ್ನೊಂದು ಮುಖ ಬಂದರೆ ಅಟ್ಟಲು ಹೋಗಬೇಡಿ, ಅಟ್ಟಿದಷ್ಟೂ ಬರುತ್ತದೆ. ಬಂದಿದೆ ಎಂದುಕೊಂಡು ಕೈಯಲ್ಲಿರುವ ಫೋಟೊಗೆ ಕಣ್ಣು ತಿರುಗಿಸಿ.

ಇದರ ಜೊತೆಗೆ, ಊಟ ಬಿಟ್ಟಿದ್ದೀರಿ ಎಂಬುದಕ್ಕಾಗಿ, ಮನೋವೈದ್ಯರನ್ನು ಈ ವಾರವೇ ಕಾಣಬೇಕು. ಎದುರು ಕೂತು ಮಾತಾಡಲು ಸಂಕೋಚವಾದರೆ ಮೊದಲು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲಿರುಳೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಬೇಕೆಂದಿಲ್ಲ.

ಪ್ರಶ್ನೆ: ಹನ್ನೊಂದು ವರ್ಷದ ಮಗಳು ಗೆಳತಿಯರೆಲ್ಲ ನೋಡಿದ ಹಾರರ್ ಚಿತ್ರಕ್ಕೆ ಕರೆದೊಯ್ಯಿ ಎಂದು ಹಟ ಹಿಡಿದಿದ್ದಾಳೆ. ಹೋಗಬಹುದೇ?
— ತಂದೆ, ಬೆಂಗಳೂರು

ಉತ್ತರ: ಪ್ರಮಾಣಪತ್ರ ನೋಡಿ. 2024ರ ನಿಯಮಗಳಿಂದ ಯುಎ ಎಂಬುದು 7+, 13+, 16+ ಎಂದು ಮೂರು ಭಾಗವಾಗಿದೆ. ‘ಎ’ ಇದ್ದರೆ ಮಾತೇ ಇಲ್ಲ. ಯುಎ ಚಿತ್ರಗಳಿಗೆ ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ, ತೀರ್ಮಾನ ತಂದೆತಾಯಿಯದು. 13+ ಇದ್ದರೆ ಮೊದಲು ನೀವೊಬ್ಬರೇ ನೋಡಿ ಬನ್ನಿ. ಕರೆದೊಯ್ಯುವುದಾದರೆ ಬೆಳಗಿನ ಆಟಕ್ಕೆ ಹೋಗಿ, ಸಾಲಿನ ತುದಿಯಲ್ಲಿ ಕೂರಿ. ‘ನನ್ನ ಕೈ ಎರಡು ಸಲ ಅದುಮಿದರೆ ಎದ್ದು ಹೋಗೋಣ, ಯಾಕೆಂದು ಕೇಳೋಲ್ಲ, ಗೆಳತಿಯರಿಗೂ ಹೇಳೋಲ್ಲ’ ಎಂದು ಮೊದಲೇ ಮಾತು ಕೊಡಿ. ಅವಳು ಅದುಮಿದರೆ ಟಿಕೆಟ್ ದುಡ್ಡಿನ ಲೆಕ್ಕ ಹಾಕದೆ ಏಳಿ.