ಮುಚ್ಚಳ ತೆರೆದರೆ ವೈಫೈ ಮಾಯ

ಪ್ರಶ್ನೆ: ಲ್ಯಾಪ್‌ಟಾಪ್ ಮುಚ್ಚಿಟ್ಟು ಕ್ಲಾಸ್ ಮುಗಿಸಿ ಬಂದು ತೆರೆದರೆ ವೈಫೈ ಪಟ್ಟಿ ಖಾಲಿ. ನಮ್ಮದಷ್ಟೇ ಅಲ್ಲ, ಅಕ್ಕಪಕ್ಕದವರ ನೆಟ್‌ವರ್ಕೂ ಕಾಣುವುದಿಲ್ಲ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೂ ಅದೇ ಹಾಡು. ಅಂಗಡಿಯವರು ಫಾರ್ಮ್ಯಾಟ್ ಮಾಡಬೇಕು, ಇಲ್ಲದಿದ್ದರೆ ವೈಫೈ ಕಾರ್ಡ್ ಬದಲಿಸಬೇಕು ಅನ್ನುತ್ತಾರೆ. ಏನು ಮಾಡಲಿ ಸರ್?
– ಉಪನ್ಯಾಸಕಿ, ತುಮಕೂರು

ಉತ್ತರ: ಸದ್ಯಕ್ಕೆ ಎರಡೂ ಬೇಡ ಮೇಡಂ. ಮುಂದಿನ ಸಲ ಹೀಗಾದಾಗ ಶಟ್‌ಡೌನ್ ಒತ್ತದೆ ರೀಸ್ಟಾರ್ಟ್ ಒತ್ತಿ ನೋಡಿ. ಎರಡೂ ಒಂದೇ ಅಂದುಕೊಂಡವರು ಬಹಳ ಜನ. ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡು ಇದೆ. ಅದು ಆನ್ ಇದ್ದರೆ, ಶಟ್‌ಡೌನ್ ಒತ್ತಿದಾಗ ನಿಮ್ಮ ವರ್ಡು, ಬ್ರೌಸರು ಮುಚ್ಚುತ್ತವೆ ನಿಜ. ಆದರೆ ವಿಂಡೋಸಿನ ತಿರುಳು ಮತ್ತು ಡ್ರೈವರ್‌ಗಳು ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಬರೆಸಿಕೊಂಡು ಮಲಗುತ್ತವೆ. ಹೆಸರಿಗೆ ಶಟ್‌ಡೌನ್, ನಡೆಯುವುದು ಅರ್ಧ ಹೈಬರ್ನೇಟ್. ಮತ್ತೆ ಆನ್ ಮಾಡಿದಾಗ ಆ ಕೆಟ್ಟ ಸ್ಥಿತಿಯೇ ಎದ್ದು ಬರಬಹುದು. ರೀಸ್ಟಾರ್ಟ್ ಮಾಡಿದರೆ ಎಲ್ಲ ಹೊಸದಾಗಿ ಶುರುವಾಗುತ್ತದೆ.

ರೀಸ್ಟಾರ್ಟ್‌ನಿಂದ ವೈಫೈ ವಾಪಸು ಬಂತೋ, ಕಾರ್ಡ್ ಬಹುಮಟ್ಟಿಗೆ ಚೆನ್ನಾಗಿದೆ ಎಂದರ್ಥ. ಸಾಮಾನ್ಯ ಸ್ಲೀಪ್‌ನಲ್ಲಿ ಬಹುಮಟ್ಟಿಗೆ ರ್‍ಯಾಮ್‌ಗಷ್ಟೇ ಕರೆಂಟು ಹರಿಯುತ್ತದೆ, ವೈಫೈ ಕಾರ್ಡನ್ನು ತೂಕಡಿಸಲು ಬಿಡುತ್ತಾರೆ. ಮುಚ್ಚಳ ತೆರೆದಾಗ ಅದನ್ನು ಎಬ್ಬಿಸಬೇಕಾದ್ದು ಡ್ರೈವರ್‌ನ ಕೆಲಸ. ಎಡವಟ್ಟಾಗುತ್ತಿರುವುದು ಅಲ್ಲಿ. ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ನೆಟ್‌ವರ್ಕ್ ಅಡಾಪ್ಟರ್ಸ್ ಅಡಿಯಲ್ಲಿ ವೈಫೈ ಕಾರ್ಡಿನ ಪ್ರಾಪರ್ಟೀಸ್‌ಗೆ ಹೋಗಿ, ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ‘ಟರ್ನ್ ಆಫ್ ದಿಸ್ ಡಿವೈಸ್ ಟು ಸೇವ್ ಪವರ್’ ಎಂದಿರುವ ಸಾಲಿನ ಟಿಕ್ ತೆಗೆಯಿರಿ. ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು, ಅಷ್ಟೆ.

ಆಗಲೂ ಸರಿಹೋಗದಿದ್ದರೆ ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ತಾಣದಲ್ಲಿ ನಿಮ್ಮ ಮಾಡೆಲ್ ನಂಬರ್ ಹಾಕಿ ಹೊಸ ವೈಫೈ ಡ್ರೈವರ್ ಇಳಿಸಿಕೊಳ್ಳಿ. ‘ನಿಮ್ಮ 14 ಡ್ರೈವರ್‌ಗಳು ಹಳತಾಗಿವೆ’ ಎಂದು ಹೆದರಿಸುವ ಪುಕ್ಕಟೆ ತಂತ್ರಾಂಶಗಳ ಗೋಜಿಗೆ ಹೋಗಲೇಬೇಡಿ. ಅಪ್‌ಡೇಟ್ ಆದ ಮೇಲೆಯೇ ತೊಂದರೆ ಶುರುವಾಗಿದ್ದರೆ ಅದೇ ಪ್ರಾಪರ್ಟೀಸ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಇರುತ್ತದೆ.

ಇನ್ನು ರೀಸ್ಟಾರ್ಟ್ ಮಾಡಿದರೂ ಕಾರ್ಡಿನ ಹೆಸರೇ ಡಿವೈಸ್ ಮ್ಯಾನೇಜರ್‌ನಲ್ಲಿ ಇಲ್ಲವೆಂದರೆ, ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಆಮೇಲೆ ಆನ್ ಮಾಡಿ. ಒಳಗೆ ಉಳಿದ ಕರೆಂಟು ಇಳಿದು ಕಾರ್ಡ್ ಮರಳುವುದುಂಟು. ಅದೂ ಆಗಲಿಲ್ಲವೇ, ಅಂಗಡಿಯವರ ಎರಡನೇ ಮಾತನ್ನು ಕೇಳಬಹುದು.

ಪ್ರಶ್ನೆ: ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗಿಬರುವುದೇ ಜಾಸ್ತಿ. ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತೇನೆ. ಕರೆಂಟು ಬಂದ ಮೇಲೆ ಲ್ಯಾಪ್‌ಟಾಪ್ ಎಬ್ಬಿಸಿದರೆ ವೈಫೈ ಸಿಕ್ಕಿದೆ ಎನ್ನುತ್ತದೆ, ಇಂಟರ್ನೆಟ್ ಇಲ್ಲ. ಮೊಬೈಲಿನಲ್ಲಿ ಅದೇ ವೈಫೈ ಚೆನ್ನಾಗಿ ಓಡುತ್ತದೆ.
– ಓದುಗರು, ಶಿರಸಿ

ಉತ್ತರ: ನಿಮ್ಮದು ಬೇರೆ ಕಾಯಿಲೆ. ತುಮಕೂರಿನವರ ಕಾರ್ಡ್ ಏಳುತ್ತಲೇ ಇಲ್ಲ. ನಿಮ್ಮದು ಎದ್ದಿದೆ, ವಿಳಾಸ ತಪ್ಪಿದೆ. ಮನೆಯ ಪ್ರತಿ ಉಪಕರಣಕ್ಕೂ ರೂಟರ್ ಒಂದು ಐಪಿ ವಿಳಾಸ ಹಂಚುತ್ತದೆ. ಕರೆಂಟು ಹೋದಾಗ ಎಷ್ಟೋ ರೂಟರ್‌ಗಳು ಆ ಲೆಕ್ಕ ಮರೆತು, ಮತ್ತೆ ಆನ್ ಆದ ಮೇಲೆ ಹೊಸದಾಗಿ ಹಂಚಲು ಕೂರುತ್ತವೆ. ಅಷ್ಟರಲ್ಲಿ ನಿಮ್ಮ ಲ್ಯಾಪ್‌ಟಾಪ್ ಹಳೆಯ ವಿಳಾಸ ಹಿಡಿದುಕೊಂಡೇ ಏಳಬಹುದು, ಇಲ್ಲವೇ ರೂಟರ್ ಪೂರ್ತಿ ಸಿದ್ಧವಾಗುವ ಮೊದಲೇ ವಿಳಾಸ ಕೇಳಿ ಬರಿಗೈಯಲ್ಲಿ ಮರಳಬಹುದು. ವೈಫೈ ಪ್ರಾಪರ್ಟೀಸ್‌ನಲ್ಲಿ ವಿಳಾಸ 169.254ರಿಂದ ಶುರುವಾಗಿದ್ದರೆ, ರೂಟರ್ ಕೊಡದೆ ಲ್ಯಾಪ್‌ಟಾಪೇ ಇಟ್ಟುಕೊಂಡ ವಿಳಾಸ ಅದು.

ಲ್ಯಾಪ್‌ಟಾಪಿನ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸಾಮಾನ್ಯವಾಗಿ ಹೊಸ ವಿಳಾಸ ಸಿಗುತ್ತದೆ. ಆಫೀಸಿನ ವಿಪಿಎನ್ ಹಾಕಿಕೊಂಡೇ ಮುಚ್ಚಳ ಮುಚ್ಚುವ ಅಭ್ಯಾಸವಿದ್ದರೆ ಬಿಡಿ. ಅದು ಅರ್ಧಂಬರ್ಧ ತೆರೆದುಕೊಂಡು ಉಳಿದರೂ ಇದೇ ಲಕ್ಷಣ. ಎಲ್ಲಕ್ಕಿಂತ ಒಳ್ಳೆಯ ದಾರಿ, ರೂಟರಿಗೊಂದು ಪುಟ್ಟ ಯುಪಿಎಸ್. ಕೊಳ್ಳುವ ಮೊದಲು ರೂಟರಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ನೋಡಿಕೊಂಡು ಹೋಗಿ. ಮೋಡೆಮ್ ಬೇರೆ ಇದ್ದರೆ ಅದಕ್ಕೂ ಬೇಕು, ಮರೆಯಬೇಡಿ.

ಪ್ರಶ್ನೆ: ಟಿಕ್ ತೆಗೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಎಂಬ ಟ್ಯಾಬೇ ಇಲ್ಲ. ಜೊತೆಗೆ ಬ್ಯಾಗಿನಲ್ಲಿಟ್ಟರೆ ಬಿಸಿಯಾಗುತ್ತದೆ.
– ಓದುಗ, ಬೆಂಗಳೂರು

ಉತ್ತರ: ಎರಡಕ್ಕೂ ಕಾರಣ ಒಂದೇ ಇರಬಹುದು, ‘ಮಾಡರ್ನ್ ಸ್ಟ್ಯಾಂಡ್‌ಬೈ’. ಹೊಸ ಯಂತ್ರಗಳು ಮೊಬೈಲಿನಂತೆ ಪರದೆ ಆರಿಸಿಕೊಂಡು ಒಳಗೊಳಗೇ ಎಚ್ಚರವಾಗಿದ್ದು ಮೇಲ್ ತರಿಸಿಕೊಳ್ಳುತ್ತವೆ. ವೈಫೈನ ವಿದ್ಯುತ್ತನ್ನು ವಿಂಡೋಸ್ ತಾನೇ ನಿಭಾಯಿಸುವುದರಿಂದ ಅಂಥ ಕಡೆ ಆ ಟ್ಯಾಬ್ ಸಾಮಾನ್ಯವಾಗಿ ಇರುವುದಿಲ್ಲ. ವಿಡಿಯೋ ನೋಡಿ ರಿಜಿಸ್ಟ್ರಿ ತಿದ್ದುವ ಸಾಹಸ ಬೇಡ. ಕಂಪನಿ ಕೊಡುವ ಬಯೋಸ್ ಮತ್ತು ವೈಫೈ ಡ್ರೈವರ್ ಹಾಕಿಕೊಳ್ಳಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಮುಚ್ಚಳ ಮುಚ್ಚಿದರೆ ಸ್ಲೀಪ್ ಬದಲು ಹೈಬರ್ನೇಟ್ ಆಗುವಂತೆ ಮಾಡಿ. ಬ್ಯಾಗಿನ ಬಿಸಿ ಸಾಮಾನ್ಯವಾಗಿ ತಪ್ಪುತ್ತದೆ, ವೈಫೈ ತಕರಾರೂ ಕಡಿಮೆಯಾಗಬಹುದು.

ಪ್ರಶ್ನೆ: ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಉಬುಂಟು ಎರಡೂ ಇವೆ. ವಿಂಡೋಸ್ ಶಟ್‌ಡೌನ್ ಮಾಡಿ ಉಬುಂಟುಗೆ ಹೋದರೆ ಕೆಲವೊಮ್ಮೆ ವೈಫೈ ಇಲ್ಲ.
– ಇಂಜಿನಿಯರಿಂಗ್ ವಿದ್ಯಾರ್ಥಿ, ಧಾರವಾಡ

ಉತ್ತರ: ಉಬುಂಟುವನ್ನು ಬೈಯಬೇಡಪ್ಪ. ಇದೂ ಮೇಲೆ ಹೇಳಿದ ಫಾಸ್ಟ್ ಸ್ಟಾರ್ಟಪ್ ಕಿತಾಪತಿಯೇ ಇರಬೇಕು. ವಿಂಡೋಸ್ ಮಲಗಿಸಿ ಹೋದ ಕಾರ್ಡನ್ನು ಉಬುಂಟುವಿನ ಲಿನಕ್ಸ್ ಡ್ರೈವರ್‌ಗೆ ಕೆಲವೊಮ್ಮೆ ಎಬ್ಬಿಸಲು ಬರುವುದಿಲ್ಲ. ವಿಂಡೋಸ್ ಡ್ರೈವ್ ಉಬುಂಟುನಲ್ಲಿ ಓದಲಷ್ಟೇ ಸಿಕ್ಕಿ ಬರೆಯಲು ಬಿಡದಿದ್ದರೆ ಅನುಮಾನವೇ ಬೇಡ. ಸದ್ಯಕ್ಕೆ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡು, ಆಗ ಪೂರ್ತಿ ಶಟ್‌ಡೌನ್ ಆಗುತ್ತದೆ. ಶಾಶ್ವತವಾಗಿ ಬೇಕೆಂದರೆ ಪವರ್ ಆಪ್ಷನ್ಸ್‌ನ ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’ ಒಳಗೆ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆದುಬಿಡು. ವಿಂಡೋಸಿನ ದೊಡ್ಡ ಅಪ್‌ಡೇಟ್ ಆದ ಮೇಲೆ ಅದು ತಾನಾಗಿಯೇ ಮತ್ತೆ ಆನ್ ಆಗುವುದುಂಟು, ಆಗೊಮ್ಮೆ ನೋಡಿಕೋ.