ಸವಾರಿ ಫಾರ್ಮ್‌ನಲ್ಲಿ ಸೊರಗಿದ ಕುದುರೆ ಕಂಡರೆ: ಮಾಡಬೇಕಾದ್ದು, ಮಾಡಬಾರದ್ದು

ಬೆಂಗಳೂರು, ಮೈಸೂರಿನ ಹೊರವಲಯದಲ್ಲಿ ಮಕ್ಕಳಿಗೆ ಕುದುರೆ ಸವಾರಿ ಕಲಿಸುವ, ದುಡ್ಡು ಕೊಟ್ಟವರನ್ನು ಒಂದು ಸುತ್ತು ಕರೆದೊಯ್ಯುವ ಫಾರ್ಮ್‌ಗಳಿವೆ. ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗುವ ತಂದೆ ತಾಯಂದಿರು, ಸವಾರಿ ಕಲಿಯುವವರು, ರಜೆಯ ದಿನ ಸುಮ್ಮನೆ ಹೋಗಿ ಬರುವವರು ಎಲ್ಲರಿಗೂ ಈ ಸೂಚನೆ. ಕುದುರೆ ನೋವಾದರೆ ಕೂಗಿ ಹೇಳುವ ಪ್ರಾಣಿಯಲ್ಲ. ಬೇಟೆಗೆ ಈಡಾಗುವ ಜೀವವಾದ್ದರಿಂದ ನೋವನ್ನು ಅಡಗಿಸುವುದು ಅದರ ಹುಟ್ಟುಗುಣ. ಹಾಗಾಗಿ ಅದರ ಪರವಾಗಿ ಮಾತಾಡಬೇಕಾದವರು ನೋಡಿದವರೇ. ಆದರೆ ಮರುಕದಿಂದ ನಾಲ್ಕು ಮಾತಾಡಿದರೆ ಕುದುರೆಗೆ ಏನೂ ಸಿಗುವುದಿಲ್ಲ. ಕಂಡದ್ದನ್ನು ಅದೇ ದಿನ, ದಿನಾಂಕ ಹಾಕಿ ಬರೆಯಿರಿ. ಬರೆದದ್ದನ್ನು ಅಧಿಕಾರ ಇರುವವರ ಕೈಗೆ ಮುಟ್ಟಿಸಿ. ಉಳಿದದ್ದೆಲ್ಲ ಆಮೇಲೆ.

ಮೊದಲು ಸರಿಯಾಗಿ ನೋಡಿ

'ಬಡಕಲಾಗಿದೆ, ಪಾಪ' ಎಂದು ಬರೆದ ದೂರಿನಿಂದ ಪಶುವೈದ್ಯರಿಗೆ ಏನೂ ತಿಳಿಯದು. ಆರು ಜಾಗ ನೋಡಿ: ಕುತ್ತಿಗೆ, ಹೆಗಲ ದಿಬ್ಬ, ಭುಜದ ಹಿಂಭಾಗ, ಪಕ್ಕೆಲುಬು, ಸೊಂಟದ ಮೇಲಿನ ಬೆನ್ನು, ಬಾಲದ ಬುಡ. ಅಮೆರಿಕದ ಡಾನ್ ಹೆನೆಕೆ 1983ರಲ್ಲಿ ಪ್ರಕಟಿಸಿದ, 1ರಿಂದ 9ರವರೆಗಿನ ದೇಹಸ್ಥಿತಿಯ ಅಂಕಪಟ್ಟಿ ಈ ಆರು ಜಾಗಗಳ ಮೇಲೆಯೇ ನಿಂತಿದೆ. ಕುದುರೆ ವೈದ್ಯರು ಇಂದಿಗೂ ಅದನ್ನು ಬಳಸುತ್ತಾರೆ. 5 ಅಂಕದ ಕುದುರೆಯ ಪಕ್ಕೆಲುಬು ಕಣ್ಣಿಗೆ ಕಾಣುವುದಿಲ್ಲ, ಕೈಯಾಡಿಸಿದರೆ ಸಿಗುತ್ತದೆ. ಪಕ್ಕೆಲುಬು, ಬೆನ್ನಿನ ಏಣು, ಸೊಂಟದ ಮೂಳೆ ಮೂರೂ ಎದ್ದು ಕಾಣುತ್ತಿದ್ದರೆ ಹಾಗೆಯೇ ಬರೆಯಿರಿ. ಅಂಕ ಹಾಕುವುದು ವೈದ್ಯರ ಕೆಲಸ.

ಜೀನು ಇಳಿಸುವ ಹೊತ್ತಿಗೆ ಅಲ್ಲಿರಿ. ಮುಖ್ಯವಾದ ಸಾಕ್ಷ್ಯ ಜೀನಿನ ಕೆಳಗೇ ಇರುತ್ತದೆ. ಹೆಗಲ ದಿಬ್ಬದ ಮೇಲೆ, ಹೊಟ್ಟೆಪಟ್ಟಿ ಬಿಗಿಯುವ ಕಡೆ ಹಸಿ ಗಾಯ ಇದೆಯೇ, ಕಡಿವಾಣ ತಾಗುವ ಬಾಯಿಯ ಮೂಲೆ ಹರಿದಿದೆಯೇ ನೋಡಿ. ಅದೇ ಜಾಗದಲ್ಲಿ ಬರೀ ಬಿಳಿ ಕೂದಲಿನ ಮಚ್ಚೆ ಇದ್ದರೆ ಅದು ಎಂದೋ ಆಗಿ ಮಾಗಿದ ಗಾಯದ ಗುರುತು. ಇಂದಿನ ನಿರ್ಲಕ್ಷ್ಯಕ್ಕೆ ಅದು ಸಾಕ್ಷಿಯಲ್ಲ. ಗೊರಸನ್ನು ಆರರಿಂದ ಎಂಟು ವಾರಕ್ಕೊಮ್ಮೆ ಕೆತ್ತಿಸಬೇಕು. ಮುಂದಕ್ಕೆ ಬೆಳೆದು ಬಾಗಿದ, ಸೀಳು ಬಿಟ್ಟ ಗೊರಸು ತಿಂಗಳುಗಟ್ಟಲೆಯ ಅಲಕ್ಷ್ಯವನ್ನು ತೋರಿಸುತ್ತದೆ. ಬೆಳೆದ ಕುದುರೆಗೆ ದಿನಕ್ಕೆ ಸುಮಾರು 25ರಿಂದ 45 ಲೀಟರ್ ನೀರು ಬೇಕು. ತೊಟ್ಟಿ ಒಣಗಿದೆಯೇ, ಪಾಚಿ ಕಟ್ಟಿದೆಯೇ, ಕಟ್ಟಿದ ಹಗ್ಗ ನೀರಿನವರೆಗೆ ಎಟಕುತ್ತದೆಯೇ ಎಂಬುದನ್ನು ಬಿಡದೆ ನೋಡಿ.

ಕುಂಟು ಗುರುತಿಸಲು ಕುದುರೆ ಜಗ್ಗುಗಾಲಿನಲ್ಲಿ (ಟ್ರಾಟ್) ಓಡುವಾಗ ತಲೆಯನ್ನು ಗಮನಿಸಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರಿದಾಗಲೆಲ್ಲ ತಲೆ ಮೇಲಕ್ಕೆ ಹೋಗುತ್ತದೆ. ಕುಂಟುವ ಕುದುರೆಯ ಮೇಲೆ ಮಗುವನ್ನು ಕೂರಿಸಿ ಸುತ್ತಿಸುತ್ತಿದ್ದರೆ ಅದಷ್ಟೇ ಒಂದು ಪೂರ್ಣ ದೂರು. ಕಾಯಿಲೆ, ಗಾಯ, ಹುಣ್ಣು, ಮುಪ್ಪಿನಿಂದ ಕೆಲಸಕ್ಕೆ ಆಗದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಸಾಕಷ್ಟು ಮೇವು, ನೀರು, ನೆರಳು ಕೊಡದಿರುವುದೂ, ಗಿಡ್ಡ ಹಗ್ಗದಲ್ಲಿ ಹೊತ್ತುಗಟ್ಟಲೆ ಕಟ್ಟುವುದೂ ಅದೇ ಸೆಕ್ಷನ್ನಿನಲ್ಲಿವೆ.

ಭಾರದ ವಿಷಯಕ್ಕೆ ಬಂದರೆ, ಸವಾರ ಮತ್ತು ಜೀನು ಎರಡೂ ಸೇರಿ ಕುದುರೆಯ ತೂಕದ ಶೇ 20 ಮೀರಬಾರದು ಎಂಬುದು ಸವಾರಿ ಬಲ್ಲವರು ಪಾಲಿಸುವ ಲೆಕ್ಕ. 400 ಕೆ.ಜಿ. ಕುದುರೆಗೆ ಅದು 80 ಕೆ.ಜಿ. ಸಣ್ಣ ತಟ್ಟುವಿನ ಮೇಲೆ ದಪ್ಪ ಆಳನ್ನು ಹತ್ತಿಸುವುದನ್ನು ಕಂಡರೆ ಬರೆದಿಡಿ.

ತಪ್ಪು ತಿಳಿಯಬೇಡಿ

ನಿಂತ ಕುದುರೆ ಒಂದು ಹಿಂಗಾಲನ್ನು ಸಡಿಲ ಬಿಟ್ಟು ತೂಗುವುದು ವಿಶ್ರಾಂತಿ, ಕುಂಟಲ್ಲ. ಮುಂಗಾಲನ್ನು ಮುಂದೆ ಚಾಚಿ ಭಾರ ಹಾಕದೆ ನಿಂತರೆ ಮಾತ್ರ ಅನುಮಾನಿಸಿ. ಕಣ್ಣಿಗೆ ಕಟ್ಟಿದ ಬಲೆ ನೊಣ ತಡೆಯಲು. ಕುದುರೆಗೆ ಅದರ ಮೂಲಕ ಕಾಣುತ್ತದೆ. ಮಲಗಿದ ಕುದುರೆಯೆಲ್ಲ ರೋಗಿಯಲ್ಲ. ರೇಸಿನಿಂದ ಬಂದ ಥರೋಬ್ರೆಡ್ ಕುದುರೆ ಸಹಜವಾಗಿಯೇ ತೆಳು. ವಯಸ್ಸಾದ, ಹಲ್ಲು ಸವೆದ ಕುದುರೆ ಒಳ್ಳೆಯ ಆರೈಕೆಯಲ್ಲೂ ಇಳಿದಿರಬಹುದು. ಯಾರೋ ಕೈಬಿಟ್ಟ ಕುದುರೆಯನ್ನು ಈಗಷ್ಟೇ ತಂದು ಸಾಕುತ್ತಿರಲೂಬಹುದು. ಆದ್ದರಿಂದ ಕೇಳಿ. "ಈ ಕುದುರೆಗೆ ಏನಾಗಿದೆ? ಯಾವ ಡಾಕ್ಟರ್ ನೋಡ್ತಿದ್ದಾರೆ?" ಎಂದು ಸಮಾಧಾನದಿಂದ ಕೇಳಿದರೆ ಚಿಕಿತ್ಸೆ ಕೊಡಿಸುತ್ತಿರುವ ಮಾಲೀಕರು ತಕ್ಷಣ ಉತ್ತರ ಹೇಳುತ್ತಾರೆ. ಆ ಉತ್ತರವನ್ನೂ ಬರೆದುಕೊಳ್ಳಿ.

ಕುದುರೆ ನೋಡಿಕೊಳ್ಳುವ ಸೈಸ್ ಮೇಲೆ ಕೂಗಾಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಮೇವು ತರಿಸುವುದು, ವೈದ್ಯರನ್ನು ಕರೆಸುವುದು ಅವನ ಕೈಯಲ್ಲಿಲ್ಲ. ಎಷ್ಟೋ ಕಡೆ ಕುದುರೆಯ ಬಗ್ಗೆ ನಿಜವಾಗಿ ಮರುಗುವವನು ಅವನೊಬ್ಬನೇ. "ಅಣ್ಣಾ, ಇದು ಎಷ್ಟು ದಿನದಿಂದ ಹೀಗಿದೆ?" ಎಂದರೆ ಅವನಿಗೆ ತಿಳಿದದ್ದು ಹೊರಬರುತ್ತದೆ. ಅವನ ಹೆಸರನ್ನು ದೂರಿನಲ್ಲಿ ಹಾಕಿ ಅವನ ಕೆಲಸ ಕಳೆಯಬೇಡಿ.

ಆ ಜಾಗದಲ್ಲಿ ಮಾಡಬಾರದ್ದು

ದುಡ್ಡು ಕೊಟ್ಟಾಗಿದೆ ಎಂದು ಆ ಕುದುರೆ ಹತ್ತಬೇಡಿ, ಮಗುವನ್ನೂ ಹತ್ತಿಸಬೇಡಿ. ಯಾಕೆ ಹತ್ತುವುದಿಲ್ಲ ಎಂಬುದನ್ನು ಅಲ್ಲೇ ಹೇಳಿ.

ಬೇಲಿ ಹಾರಬೇಡಿ, ಬೀಗ ತೆಗೆಯಬೇಡಿ, ರಾತ್ರಿ ಹೋಗಿ ಹಗ್ಗ ಬಿಚ್ಚಬೇಡಿ. ಬಿಚ್ಚಿಬಿಟ್ಟ ಕುದುರೆ ಹೆದ್ದಾರಿಗೆ ಹೋಗುತ್ತದೆ. ಅತಿಕ್ರಮ ಪ್ರವೇಶದ ಕೇಸು ನಿಮ್ಮ ಮೇಲೆ ಬೀಳುತ್ತದೆ, ನಿಮ್ಮ ದೂರು ಅಲ್ಲಿಗೆ ಸತ್ತಂತೆ. ಜನರಿಗೆ ತೆರೆದ ಜಾಗದಿಂದ, ಇಲ್ಲವೇ ರಸ್ತೆಯಿಂದ ಕಾಣುವಷ್ಟನ್ನು ಮಾತ್ರ ಫೋಟೊ, ವಿಡಿಯೊ ತೆಗೆಯಿರಿ. ಫ್ಲ್ಯಾಶ್ ಬೇಡ, ಡ್ರೋನ್ ಬೇಡವೇ ಬೇಡ. ಬೆದರಿದ ಕುದುರೆ ಕಟ್ಟಿದ ಹಗ್ಗದಲ್ಲೇ ಕಾಲು ಮುರಿದುಕೊಳ್ಳಬಹುದು.

ತಿನ್ನಿಸಬೇಡಿ. ಕರುಣೆಯಿಂದಲೇ ಆಗುವ ದೊಡ್ಡ ಅನಾಹುತ ಇದು. ಬಹಳ ದಿನ ಹಸಿದ ಕುದುರೆಗೆ ಒಮ್ಮೆಗೇ ಹುರುಳಿ, ಬೂಸಾ, ಬೆಲ್ಲ, ಬ್ರೆಡ್ ಸುರಿದರೆ ರಕ್ತದ ಲವಣಗಳ ಸಮತೋಲ ತಪ್ಪಿ, ಬದುಕಿದ್ದ ಕುದುರೆ ಮೇವು ಸಿಕ್ಕ ಮೇಲೆ ಸಾಯಬಹುದು. ಧಾನ್ಯ ಹೆಚ್ಚಾದರೆ ಹೊಟ್ಟೆಶೂಲೆ ಬರುತ್ತದೆ, ಗೊರಸಿನೊಳಗೆ ಉರಿಯೂತ ಆಗುತ್ತದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಒಳಗೆ ಹೋದದ್ದು ಹಿಂದೆ ಬಾರದು. ಹಸಿದ ಕುದುರೆಗೆ ಮತ್ತೆ ಮೇವು ಹಿಡಿಸುವ ಕ್ರಮವನ್ನು ವೈದ್ಯರು ದಿನದ ಲೆಕ್ಕದಲ್ಲಿ ಬರೆದುಕೊಡಬೇಕು.

ಮೂಗಿನಿಂದ ಕೀವು ಸುರಿಯುತ್ತಿದ್ದು, ಚರ್ಮದ ಮೇಲೆ ಗಂಟು, ಹುಣ್ಣುಗಳಿದ್ದರೆ ಮುಟ್ಟಬೇಡಿ, ಮಕ್ಕಳನ್ನು ದೂರ ಕರೆದೊಯ್ಯಿರಿ. ಅದು ಗ್ಲ್ಯಾಂಡರ್ಸ್ ಇರಬಹುದು. ಮನುಷ್ಯರಿಗೂ ಹರಡುವ ರೋಗ ಅದು. ಕಂಡ ಕೂಡಲೇ ಸರ್ಕಾರಕ್ಕೆ ವರದಿಯಾಗಲೇಬೇಕಾದ ರೋಗವೂ ಹೌದು.

ಫಾರ್ಮ್‌ನ ಹೆಸರು, ಮಾಲೀಕರ ಫೋಟೊ ಹಾಕಿ ಸಾಮಾಜಿಕ ಜಾಲತಾಣದಲ್ಲಿ ಹರಿಬಿಡಬೇಡಿ. ಮಾನನಷ್ಟದ ನೋಟಿಸ್ ಬರುವುದು ಒಂದು ತೊಂದರೆ. ಅದಕ್ಕಿಂತ ದೊಡ್ಡದು, ಅಧಿಕಾರಿ ಹೋಗುವಷ್ಟರಲ್ಲಿ ಕುದುರೆಯನ್ನು ರಾತ್ರೋರಾತ್ರಿ ಸಾಗಿಸಿರುತ್ತಾರೆ.

ಕಾಯಬಾರದ ಹೊತ್ತು

ಕುದುರೆ ನೆಲಕ್ಕೆ ಬಿದ್ದು ಏಳಲಾರದೆ ಇದ್ದರೆ, ಮತ್ತೆ ಮತ್ತೆ ಹೊರಳಿ ಹೊಟ್ಟೆಯ ಕಡೆ ತಿರುಗಿ ನೋಡುತ್ತ ಕಾಲು ಕೆರೆಯುತ್ತಿದ್ದರೆ, ರಕ್ತ ಸುರಿಯುತ್ತಿದ್ದರೆ ಅರ್ಜಿ ಬರೆಯುತ್ತ ಕೂರಬೇಡಿ. ಮೊದಲು ಮಾಲೀಕರಿಗೆ ಹೇಳಿ, ಜೊತೆಗೇ ಪಶು ಆಂಬುಲೆನ್ಸ್‌ನ 1962ಕ್ಕೆ ಕರೆ ಮಾಡಿ. ಕುದುರೆಯನ್ನು ಹೊಡೆಯುತ್ತಿದ್ದರೆ, ವೈದ್ಯರನ್ನು ಒಳಗೆ ಬಿಡದೆ ತಡೆದರೆ 112. ವಿಶ್ರಾಂತಿಯಲ್ಲಿರುವ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ಹೊಟ್ಟೆಯ ಪಕ್ಕ ಏರಿಳಿಯುವುದನ್ನು ಎಣಿಸಿ ಫೋನಿನಲ್ಲಿ ಹೇಳಿದರೆ ವೈದ್ಯರಿಗೆ ಸಹಾಯ.

ದೂರು ಬರೆಯುವ ಬಗೆ

ಕಣ್ಣಾರೆ ಕಂಡದ್ದು ಮೊದಲು. ಕೇಳಿದ್ದು ಬೇರೆ ಪ್ಯಾರಾದಲ್ಲಿ, 'ಹೀಗೆಂದು ಹೇಳಿದರು' ಎಂದು. ಊಹೆ ಬೇಡ, ಬೈಗುಳ ಬೇಡ. ಹೀಗೆ ಬರೆಯಿರಿ:

"ದಿನಾಂಕ … ಬೆಳಿಗ್ಗೆ 8.30ಕ್ಕೆ … ಗ್ರಾಮದ ಸವಾರಿ ಫಾರ್ಮ್‌ನಲ್ಲಿ ಕಂದು ಬಣ್ಣದ, ಹಣೆಯಲ್ಲಿ ಬಿಳಿ ಚುಕ್ಕೆಯಿರುವ, ಎಡ ಹಿಂಗಾಲು ಬಿಳಿಯಿರುವ ಹೆಣ್ಣು ಕುದುರೆಯನ್ನು ಕಂಡೆ. ಪಕ್ಕೆಲುಬುಗಳು ಎದ್ದು ಕಾಣುತ್ತಿವೆ. ಹೆಗಲ ದಿಬ್ಬದ ಮೇಲೆ ಅಂಗೈ ಅಗಲದ ಹಸಿ ಗಾಯವಿದೆ. ಅದರ ಮೇಲೆಯೇ ಜೀನು ಬಿಗಿದು ಮೂವರಿಗೆ ಸವಾರಿ ಕೊಟ್ಟರು. ತೊಟ್ಟಿಯಲ್ಲಿ ನೀರಿರಲಿಲ್ಲ. ಪಶುವೈದ್ಯಾಧಿಕಾರಿಗಳು ಕುದುರೆಯನ್ನು ಪರೀಕ್ಷಿಸಿ ವರದಿ ನೀಡಬೇಕೆಂದು ಕೋರುತ್ತೇನೆ."

ಕೊನೆಯ ವಾಕ್ಯವೇ ಅರ್ಜಿಯ ಜೀವ. 'ಕ್ರಮ ಕೈಗೊಳ್ಳಿ' ಎಂದು ಬರೆದು ಬಿಡಬೇಡಿ. ಏನು ಕ್ರಮ ಎಂದು ಹೇಳಿ. ಫೋಟೊಗಳ ಮೂಲ ಕಡತ ಫೋನಿನಲ್ಲಿ ಹಾಗೇ ಇರಲಿ, ಕತ್ತರಿಸಬೇಡಿ, ಬಣ್ಣ ತಿದ್ದಬೇಡಿ. ಹೆಸರಿಲ್ಲದ ಅರ್ಜಿ ಹಾಕಬೇಡಿ, ಅದು ಕಡತದಲ್ಲೇ ಉಳಿಯುತ್ತದೆ.

ಅರ್ಜಿ ಹೋಗಬೇಕಾದ್ದು ಪಶುಪಾಲನಾ ಮತ್ತು ಪಶುವೈದ್ಯ ಸೇವಾ ಇಲಾಖೆಯ ತಾಲ್ಲೂಕು ಸಹಾಯಕ ನಿರ್ದೇಶಕರಿಗೆ ಮತ್ತು ಜಿಲ್ಲಾ ಉಪನಿರ್ದೇಶಕರಿಗೆ. ಪ್ರತಿಗಳು ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ಮತ್ತು ಆ ಪ್ರದೇಶದ ಪೊಲೀಸ್ ಠಾಣೆಗೆ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬೇಡಿ.

ಕಾನೂನಿನ ಬಲ ಎಷ್ಟು

1960ರ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಸಜೆ, ಅಥವಾ ಎರಡೂ. ಈ ಮೊತ್ತ ಇಂದಿಗೆ ಅವಮಾನಕರ, ಕಾಯ್ದೆ ತಿದ್ದಬೇಕು. ಆದರೂ ಈ ದಂಡ ನೋಡಿ ಕೈ ಚೆಲ್ಲಬೇಡಿ. ಕುದುರೆಗೆ ನಿಜವಾಗಿ ಒದಗುವುದು ಅದೇ ಕಾಯ್ದೆಯ ಬೇರೆ ಸೆಕ್ಷನ್‌ಗಳು. 34ರ ಪ್ರಕಾರ ಕಾನ್‌ಸ್ಟೆಬಲ್‌ಗಿಂತ ಮೇಲಿನ ಪೊಲೀಸ್ ಅಧಿಕಾರಿ ಪರೀಕ್ಷೆಗಾಗಿ ಪ್ರಾಣಿಯನ್ನು ವಶಕ್ಕೆ ಪಡೆಯಬಹುದು. 35ರ ಪ್ರಕಾರ ಮ್ಯಾಜಿಸ್ಟ್ರೇಟರು ಅದನ್ನು ಚಿಕಿತ್ಸಾಲಯಕ್ಕೆ ಕಳಿಸಬಹುದು. ಅಪರಾಧ ಸಾಬೀತಾಗಿ, ಬಿಟ್ಟರೆ ಮತ್ತೆ ಹಿಂಸೆಗೆ ಒಳಗಾದೀತು ಎನ್ನಲು ಸಾಕ್ಷ್ಯವಿದ್ದರೆ, 29ರ ಪ್ರಕಾರ ಮಾಲೀಕತ್ವವೇ ಹೋಗಬಹುದು. ಹಳೆಯ ದೂರುಗಳ ಮೊಹರಿನ ಪ್ರತಿಗಳು ಬೆಲೆ ಪಡೆಯುವುದು ಅಲ್ಲಿ.

ಠಾಣೆಯಲ್ಲಿ ಎಫ್‌ಐಆರ್ ಆಗುವುದಿಲ್ಲ ಎಂದರೆ ಜಗಳ ಬೇಡ. ಮೇವು, ನೀರು ಕೊಡದಂಥ ಅಪರಾಧಗಳು ಅಸಂಜ್ಞೇಯ. ಮಾಹಿತಿಯನ್ನು ಪುಸ್ತಕದಲ್ಲಿ ದಾಖಲಿಸಿ ನಿಮ್ಮನ್ನು ಮ್ಯಾಜಿಸ್ಟ್ರೇಟರ ಬಳಿ ಕಳಿಸುವುದು ಕಾನೂನಿನ ಕ್ರಮ. ಆ ದಾಖಲೆಯ ಪ್ರತಿ ಪಡೆಯಿರಿ. ಪ್ರಾಣಿಯನ್ನು ಬೇಕೆಂದೇ ಕೊಂದಿದ್ದರೆ, ಅಂಗ ಊನ ಮಾಡಿದ್ದರೆ ಮಾತು ಬೇರೆ. ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ ಅದಕ್ಕೆ ಐದು ವರ್ಷದವರೆಗೆ ಸಜೆ. ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸಬೇಕು.

ದೂರಿನ ನಂತರ

ಸುಮ್ಮನಿರಬೇಡಿ. 1960ರ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಅಪರಾಧ ನಡೆದ ದಿನದಿಂದ ಮೂರು ತಿಂಗಳೊಳಗೆ ಮೊಕದ್ದಮೆ ಹೂಡಬೇಕು. ಆಮೇಲೆ ಈ ಕಾಯ್ದೆಯಡಿ ಹೂಡಲಾಗದು. ಅಧಿಕಾರಿ ಯಾವಾಗ ಹೋದರು, ವೈದ್ಯರ ವರದಿ ಏನು ಎಂದು ಎರಡು ವಾರದಲ್ಲಿ ಕೇಳಿ, ಲಿಖಿತ ಹಿಂಬರಹ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಉತ್ತರಕ್ಕೆ 30 ದಿನದ ಗಡುವು ಇರುವುದರಿಂದ ತಡ ಮಾಡಬೇಡಿ.

ಅಧಿಕಾರಿ ಹೋಗಿ ನೋಡಿ, ಚಿಕಿತ್ಸೆ ಸರಿಯಾಗಿದೆ, ಕುದುರೆ ಚೇತರಿಸಿಕೊಳ್ಳುತ್ತಿದೆ ಎಂದು ಬರೆದರೆ ಅದನ್ನು ಒಪ್ಪಿಕೊಳ್ಳಿ. ದೂರು ಕೊಟ್ಟದ್ದು ಕುದುರೆಗಾಗಿಯೇ ಹೊರತು ಮಾಲೀಕರನ್ನು ಸೋಲಿಸುವುದಕ್ಕಲ್ಲ. ಆದರೆ ದೂರಿನ ವಾರವೇ ಆ ಕುದುರೆ ಫಾರ್ಮ್‌ನಲ್ಲಿ ಕಾಣದಾದರೆ, ಅದು ಎಲ್ಲಿಗೆ ಹೋಯಿತು, ಯಾರಿಗೆ ಮಾರಿದರು ಎಂದು ಅದೇ ಕಚೇರಿಗೆ, ಅದೇ ಬಣ್ಣ ಗುರುತುಗಳನ್ನು ಬರೆದು, ಎರಡನೇ ಅರ್ಜಿ ಕೊಡಿ.