ಮುಚ್ಚಿಟ್ಟ ಆದಾಯ, ಮಗುವಿನ ಅನ್ನ



ಶಿಡ್ಲಘಟ್ಟದ ರೇಷ್ಮೆಗೂಡಿಗಾಗಲಿ, ಚಿಂತಾಮಣಿಯ ಟೊಮೆಟೊಗಾಗಲಿ ತಿಂಗಳ ಸಂಬಳದ ಚೀಟಿ ಇರುವುದಿಲ್ಲ. ಆದ್ದರಿಂದಲೇ ಹೆಂಡತಿ ಮಕ್ಕಳನ್ನು ತೊರೆದವನು ಜೀವನಾಂಶದ ಮೊಕದ್ದಮೆಯಲ್ಲಿ ‘ನನಗೆ ಆದಾಯವೇ ಇಲ್ಲ’ ಎಂದುಬಿಡುತ್ತಾನೆ.

ಆದರೆ 2020ರ ನವೆಂಬರ್ 4ರಂದು ರಜನೇಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣ ಮಾಡಿ ಬರೆದುಕೊಡಬೇಕೆಂದು ವಿಧಿಸಿತು. ಸುಳ್ಳು ಬರೆದವರ ಮೇಲೆ ಕ್ರಮಕ್ಕೂ ಅವಕಾಶವಿದೆ. ತಾಯಿಯಾದವಳು ಗೂಡು ಮಾರಿದ ಚೀಟಿ, ಮಂಡಿಯ ಲೆಕ್ಕ, ಪಹಣಿ, ವಾಹನದ ದಾಖಲೆ ಇವುಗಳಲ್ಲಿ ಸಿಕ್ಕಿದ್ದನ್ನು ವಕೀಲರಿಗೆ ಕೊಡಲಿ. ಸಿಗದ ಬ್ಯಾಂಕಿನ ಲೆಕ್ಕವನ್ನು ತರಿಸುವಂತೆ ನ್ಯಾಯಾಲಯವನ್ನು ಕೇಳಿಕೊಳ್ಳಬಹುದು. ಗಂಡ ಬದುಕುವ ರೀತಿಯನ್ನೂ ನ್ಯಾಯಾಲಯ ಗಮನಿಸುತ್ತದೆ. ಆದರೆ ಅವಳೂ ಇದ್ದದ್ದನ್ನು ಹಿಗ್ಗಿಸಿ ಹೇಳಬಾರದು. ಮಹಿಳೆಯರಿಗೆ, ಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ದೊರೆಯುತ್ತಾರೆ.

ಅನನೀಯ ಮತ್ತು ಸಫೈರ ಹೊಲ ಮಾರಿದ ಹಣದಲ್ಲಿ ಒಂದು ಭಾಗವನ್ನು ಬಚ್ಚಿಟ್ಟರು. ಪೇತ್ರ ಖಂಡಿಸಿದ್ದು ಹಣ ಇಟ್ಟುಕೊಂಡದ್ದನ್ನಲ್ಲ, ಸುಳ್ಳನ್ನು. ಅವರು ಬಚ್ಚಿಟ್ಟದ್ದು ತಮ್ಮದೇ ಹಣ. ಈ ತಂದೆ ಬಚ್ಚಿಡುವುದು ಮಗುವಿನ ಅನ್ನ. ಎಂಟನೆಯ ಕಟ್ಟಳೆಯೊಡನೆ ಕದಿಯಬಾರದೆಂಬ ಏಳನೆಯದನ್ನೂ ಅವನು ಮೀರುತ್ತಾನೆ. ಅವನ ಗದ್ದೆಯನ್ನು ತಮ್ಮ ಹೆಸರಿಗೆ ಬರೆಸಿಕೊಂಡು ಮರೆಮಾಚುವ ಬಂಧುಗಳೂ ಅದರಲ್ಲಿ ಪಾಲುದಾರರು.

ಇಂಥವರು ಪಾಪನಿವೇದನೆ ಮಾಡಿದರಷ್ಟೇ ಸಾಲದು. ಬಚ್ಚಿಟ್ಟದ್ದನ್ನು ಮಗುವಿಗೆ ಮುಟ್ಟಿಸಬೇಕು.